ಕಚ್ಚಾ ಹೊಲಿಗೆಯ ಇಂಗ್ಲಿಷು

ಸಂಜೆ ನನ್ನ ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಟರೆ, "ಬರ್ತಾ ಹಾಗೇ..." ಎಂದು ಬಾಯಿಗೆ ಬಂದ ಮಾತನ್ನು ಈಚೆಗೆ ನಾನು ನುಂಗಿಬಿಡುತ್ತೇನೆ. ಮಗುವಿನ ಕೆಮ್ಮಿನ ಔಷಧಿ ಮುಗಿದಿರುತ್ತದೆ, ಹಾಲಿನ ಪುಡಿಯ ಡಬ್ಬದ ತಳ ಕಾಣುತ್ತಿರುತ್ತದೆ, ಆದರೂ ಹೇಳುವುದಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ನಾನೇ ಹೋಗಿ ತರುತ್ತೇನೆ. ನೀನು ಚಿಂತೆ ಮಾಡುವುದಕ್ಕೆ ಯಾರಾದರೂ ಸಂಬಳ ಕೊಡುವ ಹಾಗಿದ್ದರೆ ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಿದ್ದೆ ಎಂದು ಅವರು ನಗುತ್ತಾರೆ. ನಗಲಿ. ನಾನು ಮೊದಲಿನಿಂದಲೂ ಅಂಥವಳೇ. ಮಲಗಿದ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವವಳು, ಬೀಗ ಹಾಕಿ ಅರ್ಧ ಮೆಟ್ಟಿಲು ಇಳಿದ ಮೇಲೆ ಮತ್ತೆ ಹತ್ತಿ ಬಂದು ಜಗ್ಗಿ ನೋಡುವವಳು. ಆದರೆ ಈ ಒಂದು ಭಯ ನನ್ನದಾಗಿ ಹುಟ್ಟಿದ್ದಲ್ಲ. ನಮ್ಮ ಕಟ್ಟಡದ ಕೆಳಗಿನ ದರ್ಜಿ ಆಂಟಿಯಿಂದ ನನಗೆ ಅಂಟಿಕೊಂಡದ್ದು.

ಮೆಟ್ಟಿಲ ಬುಡದಲ್ಲಿ, ಕರೆಂಟು ಮೀಟರುಗಳ ಪಕ್ಕದ ಕೋಣೆ ಅವರದು. ಬಾಗಿಲು ತೆಗೆದರೆ ಅಂಗಡಿ, ಹಾಕಿದರೆ ಮನೆ. ಕಿಟಕಿಗೆ ತಾಗಿಸಿದ ಮಷೀನು, ಅದರ ಬದಿಗೆ ಬಟ್ಟೆ ಕತ್ತರಿಸುವ ಅಗಲದ ಮೇಜು, ಹಿಂದೆ ಪರದೆ ಎಳೆದು ಮಾಡಿಕೊಂಡ ಅಡುಗೆಯ ಮೂಲೆ. ಗೋಡೆಯ ಮೊಳೆಗಳಿಗೆ ಸಾಲಾಗಿ ತೂಗುಬಿದ್ದ ಬಟ್ಟೆಗಳ ಮೇಲೆಲ್ಲ ಬಿಳಿ ದಾರದ ಉದ್ದುದ್ದ ಕಚ್ಚಾ ಹೊಲಿಗೆ. ಅಂದರೆ ಅವು ಇನ್ನೂ ತೊಡಿಸಿ ನೋಡಬೇಕಾದವು. ಮೈಮೇಲೆ ಹಾಕಿ ನೋಡದೆ ಆಂಟಿ ಯಾವ ಬಟ್ಟೆಗೂ ಪಕ್ಕಾ ಹೊಲಿಗೆ ಹಾಕುತ್ತಿರಲಿಲ್ಲ. ಬೀದಿಯವರು ಅವರಿಗೆ ಟ್ರಯಲಮ್ಮ ಎಂದೇ ಹೆಸರಿಟ್ಟಿದ್ದರು. ಎದುರುಮನೆಯ ಮೇಷ್ಟ್ರು ದಿಂಬಿನ ಕವರು ಹೊಲಿಯಲು ಕೊಟ್ಟಾಗ, ದಿಂಬನ್ನು ಕರೆದುಕೊಂಡು ಬನ್ನಿ ಎಂದು ವಾಪಸು ಕಳಿಸಿದ್ದರಂತೆ.

ಮಕ್ಕಳ ಬಟ್ಟೆಯ ವಿಷಯದಲ್ಲಿ ಅವರಿಗೆ ಇನ್ನೊಂದು ಪದ್ಧತಿ ಇತ್ತು. ಬದಿಯಲ್ಲೂ ತುದಿಯಲ್ಲೂ ಎರಡು ಬೆರಳು ಅಗಲದ ಬಟ್ಟೆಯನ್ನು ಒಳಗೆ ಮಡಚಿ ಉಳಿಸುತ್ತಿದ್ದರು. ಬೆಳೆದ ಹಾಗೆ ಬಿಚ್ಚಿ ಕೊಟ್ಟರಾಯಿತು. ನನ್ನ ಮಗಳ ಮೊದಲ ಫ್ರಾಕು ದೊಗಳೆಯಾಯಿತೆಂದು ನಾನು ಗೊಣಗಿದಾಗ, "ಮಕ್ಕಳೇನು ನಿನ್ನ ಕೇಳಿಕೊಂಡು ಬೆಳೀತಾವಾ? ಇವತ್ತು ದೊಗಳೆ ಅಂತೀಯ, ನಾಳೆ ಸಾಲಲ್ಲ ಅಂತ ನೀನೇ ಓಡಿ ಬರ್ತೀಯ," ಎಂದಿದ್ದರು. ಹಾಗೇ ಆಯಿತು.

ಆ ಫ್ರಾಕನ್ನು ಬಿಚ್ಚಿಸಲು ಹೋದ ದಿನವೇ ಅವರು ಕೇಳಿದ್ದು. ನೀನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳಲ್ಲವಾ, ನನಗೆ ಸ್ವಲ್ಪ ಹೇಳಿಕೊಡು, ಎಲ್ಲಾ ಬೇಡ, ಆಗಿಹೋದದ್ದನ್ನು ಹೇಳುವುದಕ್ಕೆ ಬೇಕಾದಷ್ಟು ಸಾಕು. ಗಿರಾಕಿಗಳ ಜೊತೆ ಮಾತಾಡಲು ಇರಬೇಕೆಂದುಕೊಂಡು ಒಪ್ಪಿದೆ. ಮಧ್ಯಾಹ್ನದ ಹೊತ್ತು ಗಿರಾಕಿಗಳು ಕಡಿಮೆ. ಮಗಳನ್ನು ಮೇಜಿನ ಕೆಳಗೆ ಖಾಲಿ ದಾರದ ಉರುಳೆಗಳ ಜೊತೆ ಕೂರಿಸಿ, ನಾನು ಸ್ಟೂಲಿನ ಮೇಲೆ, ಆಂಟಿ ಮಷೀನಿನ ಮುಂದೆ. ನಾನು ಶಾಲೆಯಲ್ಲಿ ಕಲಿತ ಕ್ರಮದಲ್ಲೇ ಶುರು ಮಾಡಿದೆ. ಐ ಗೋ, ಯು ಗೋ, ಹೀ ಗೋಸ್. ಅವರಿಗೆ ಅದು ಬೇಡ, ಅವರಿಗೆ ಬೇಕಾದದ್ದು ವೆಂಟ್. ನಡೆಯುತ್ತಿರುವುದು ಬಾರದೆ ನಡೆದದ್ದು ಬಾರದು ಎಂದು ನಾನು ಗದರಿದರೆ, "ಆಯ್ತು ಟೀಚರಮ್ಮ," ಎಂದು ಬಾಲಕಿಯಂತೆ ಕೈಕಟ್ಟಿ ಕೂರುತ್ತಿದ್ದರು.

ಮಷೀನಿನ ಪೆಡಲು ತುಳಿಯುತ್ತಲೇ ಕಲಿತರು. ಸ್ಟಿಚ್, ಸ್ಟಿಚ್ಡ್. ವಾಷ್, ವಾಷ್ಡ್. ಕಟ್ ಮಾತ್ರ ಮೂರು ಕಾಲಕ್ಕೂ ಕಟ್ಟೇ ಎಂದಾಗ ಮಷೀನು ನಿಲ್ಲಿಸಿ ನನ್ನ ಮುಖ ನೋಡಿದರು. "ಅದು ಸರಿಯೇ," ಎಂದರು. "ಹೊಲಿದದ್ದಾದ್ರೆ ಬಿಚ್ಚಬಹುದು." ಡಿಡ್ ಬಂದರೆ ಸೆಂಟ್ ಬರಬಾರದು, ಸೆಂಡ್ ಎನ್ನಬೇಕು ಎಂಬುದು ಮಾತ್ರ ತಲೆಗೆ ಹತ್ತಲೇ ಇಲ್ಲ. ಒಂದೇ ತೂತಿಗೆ ಎರಡು ಗುಂಡಿ ಹಾಕಿದ ಹಾಗಾಗುತ್ತದೆ ಎಂದು ನಾನು ಅವರ ಭಾಷೆಯಲ್ಲೇ ಹೇಳಿ ನೋಡಿದೆ. ತಲೆಯಾಡಿಸಿದರು. ಮರುದಿನ ಮತ್ತೆ ಡಿಡ್ ನಾಟ್ ಸೆಂಟ್. ಮೇಜಿನ ಕೆಳಗಿಂದ ನನ್ನ ಮಗಳೂ ಸೆಂಟು ಸೆಂಟು ಎಂದು ರಾಗ ಎಳೆಯುತ್ತಿದ್ದಳು.

ಯಾಕೆ ಈ ಇಂಗ್ಲಿಷು ಎಂಬುದನ್ನು ಅವರು ಒಂದೇ ಸಲ ಕೂತು ಹೇಳಲಿಲ್ಲ. ಸೂಜಿಗೆ ದಾರ ಪೋಣಿಸುವಾಗ ಅಷ್ಟು, ಗುಂಡಿ ಹಚ್ಚುವಾಗ ಇಷ್ಟು.

ಒಬ್ಬನೇ ಮಗ. ಹೊಲಿಗೆ ಮಷೀನಿನ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸ. ಅದೇ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗಿಯನ್ನು ಮದುವೆಯಾದ. ಅವಳದು ಬೇರೆ ಭಾಷೆ. ಅತ್ತೆಗೆ ಅವಳ ಮಾತು ಬಾರದು, ಅವಳಿಗೆ ಅತ್ತೆಯದು ಬಾರದು. ಗಂಡಹೆಂಡಿರು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ನಡುವೆ ಮಗ ಕೂತು ಈ ಕಡೆಯದನ್ನು ಆ ಕಡೆಗೆ, ಆ ಕಡೆಯದನ್ನು ಈ ಕಡೆಗೆ ದಾಟಿಸುತ್ತಿದ್ದ. ಅಡುಗೆಗೆ ಉಪ್ಪು ಜಾಸ್ತಿಯಾಯಿತು ಎಂದು ಇವರು ಮುಖ ಕಿವುಚಿದರೆ, ಅಮ್ಮ ಇನ್ನೊಂದು ಸ್ವಲ್ಪ ಬಡಿಸು ಅಂತಿದ್ದಾಳೆ ಎಂದು ಅವಳಿಗೆ ಹೇಳುವನು. ಅವಳು ಖುಷಿಯಾಗಿ ಬಡಿಸುವಳು, ಇವರು ನೀರು ಕುಡಿಯುತ್ತಾ ತಿನ್ನುವರು. "ಕಳ್ಳ. ಮಧ್ಯದಲ್ಲಿ ಕೂತು ಏನೇನು ಸೋಸಿ ಬಿಡ್ತಿದ್ದನೋ. ನಾವಿಬ್ಬರೂ ಒಂದು ದಿನಾನೂ ಜಗಳ ಆಡ್ಲಿಲ್ಲ ಕಣೇ. ಆಡೋಕೆ ಅವನು ಬಿಡ್ಲೇ ಇಲ್ಲ." ಇದನ್ನು ಹೇಳುವಾಗ ಆಂಟಿ ನಗುತ್ತಿದ್ದರು. ದಾರ ಕಚ್ಚಿ ತುಂಡು ಮಾಡಿ ಮುಂದಿನ ಗುಂಡಿಗೆ ಕೈಹಾಕುತ್ತಿದ್ದರು.

ಮೊಮ್ಮಗಳಿಗೆ ವರ್ಷ ತುಂಬಿದ ಸಮಯ. ಸಂಜೆ ಕೆಲಸದಿಂದ ಬಂದು ಇನ್ನೇನು ಶರಟು ಬಿಚ್ಚಬೇಕು, ಹಾಲಿನ ಪುಡಿ ಮುಗಿದಿದೆ ಎಂದಳು ಹೆಂಡತಿ. ಹಾಗೇ ಮತ್ತೆ ಹೊರಟುಹೋದ. ಮೂಲೆಯ ತಿರುವಿನಲ್ಲಿ ಲಾರಿ. ಪುಡಿಯ ಡಬ್ಬ ಮಾತ್ರ ಸ್ವಲ್ಪವೂ ಜಜ್ಜಿಹೋಗದೆ ಮನೆಗೆ ಬಂತು.

ಮನೆ ತುಂಬಾ ಜನ ಸೇರಿದ್ದಾಗ ಆಂಟಿ ಸೊಸೆಯ ಕಡೆ ಕೈ ತೋರಿಸಿ, ನೀನು ಕಳಿಸಿದ್ದಕ್ಕೇ ನನ್ನ ಮಗ ಹೋದ ಎಂದರು. ತಮ್ಮ ಭಾಷೆಯಲ್ಲೇ ಅಂದದ್ದು. ಅಲ್ಲಿಗೇ ಬಿಟ್ಟಿದ್ದರೆ ಅದು ಅಳುವಿನಲ್ಲಿ ಅಳುವಾಗಿ ಹೋಗುತ್ತಿತ್ತೋ ಏನೋ. ಅವಳು ಕಣ್ಣರಳಿಸಿ ಸುತ್ತ ನೋಡಿದಳಂತೆ, ಅಮ್ಮ ಏನು ಹೇಳುತ್ತಿದ್ದಾರೆ ಎಂದು. ಆಂಟಿಯ ತಮ್ಮ ಇಂಗ್ಲಿಷ್ ಬಲ್ಲವನು. ಒಂದಕ್ಷರ ಬಿಡದೆ ಹೇಳಿದ. ಸೋಸುವವನು ಹೋಗಿಬಿಟ್ಟಿದ್ದ.

ತಿಂಗಳು ಕಳೆಯುವುದರೊಳಗೆ ಸೊಸೆ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ಹೋಗುವ ಮುಂಚೆ ಆಂಟಿ ಮೊಮ್ಮಗಳನ್ನು ಇದೇ ಮೇಜಿನ ಮೇಲೆ ನಿಲ್ಲಿಸಿ ಅಳತೆ ತೆಗೆದುಕೊಂಡಿದ್ದರು. ಆ ಅಳತೆಗೆ ಕತ್ತರಿಸಿದ ಕಂದು ಕಾಗದ ಅಂದಿನಿಂದ ಮಷೀನಿನ ಹಿಂದಿನ ಮೊಳೆಯಲ್ಲೇ ಇತ್ತು. ಪುಟ್ಟ ಎದೆ, ಪುಟ್ಟ ತೋಳು. ಫ್ಯಾನು ಹಾಕಿದಾಗ ಅದು ಅಲ್ಲಾಡುತ್ತಿತ್ತು.

ಮೊನ್ನೆ ಸೋಮವಾರ ಪಾಠದ ನಡುವೆ ಆಂಟಿಯ ಫೋನು ರಿಂಗಾಯಿತು. ಹೆಸರು ನೋಡಿದವರೇ ಬಿಸಿ ಇಸ್ತ್ರಿ ಮುಟ್ಟಿದವರಂತೆ ಅದನ್ನು ನನ್ನ ಕೈಗೆ ತುರುಕಿದರು. ಸೊಸೆ. ಬರುವ ಭಾನುವಾರ ಮಗುವನ್ನು ಕರೆದುಕೊಂಡು ಅಕ್ಕನಿರುವ ದೇಶಕ್ಕೆ ಹೋಗುತ್ತಿದ್ದಾಳೆ. ಅಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ಈ ನಂಬರು ಇರುವುದಿಲ್ಲ, ತಿಳಿಸಬೇಕು ಅನ್ನಿಸಿತು ಎಂದಳು. ಅಮ್ಮ ಚೆನ್ನಾಗಿದ್ದಾರಾ ಎಂದಳು. ಅವರಿಗೆ ಕೊಡಲೇ ಎಂದು ನಾನು ಕೇಳಿದರೆ, ಬೇಡ, ಅವರಿಗೆ ಕಷ್ಟವಾಗುತ್ತದೆ ಎಂದು ಇಟ್ಟುಬಿಟ್ಟಳು.

ಆಂಟಿ ಎಲ್ಲವನ್ನೂ ಕೇಳಿಸಿಕೊಂಡು, ಭಾನುವಾರವಾ ಎಂದಷ್ಟೇ ಅಂದರು. ಅವತ್ತೇ ಹೊಸ ಬಟ್ಟೆ ತೆಗೆದು, ಕಂದು ಕಾಗದವನ್ನು ಮೊಳೆಯಿಂದ ಇಳಿಸಿ, ಮೊಮ್ಮಗಳಿಗೆ ಫ್ರಾಕು ಕತ್ತರಿಸಿದರು. ಮರುದಿನ ಹೊಲಿದು ಕೊರಿಯರ್ ಮಾಡಿಸಿದರು. ನಾನು ಕಂಡ ಹಾಗೆ ಟ್ರಯಲ್ ಇಲ್ಲದೆ ಅವರ ಕೈಯಿಂದ ಹೊರಟ ಬಟ್ಟೆ ಅದೊಂದೇ.

ಮಾತನ್ನು ಮಾತ್ರ ಕಳಿಸಲಿಲ್ಲ. ಹೇಳಬೇಕಾದದ್ದನ್ನು ನಾವಿಬ್ಬರೂ ಕೂತು ಮಾಡಿಟ್ಟಿದ್ದೆವು. ಐ ಸೆಡ್ ಎ ರಾಂಗ್ ಥಿಂಗ್. ಯು ಡಿಡ್ ನಾಟ್ ಸೆಂಡ್ ಹಿಮ್. ಇಷ್ಟೇ. ಮಂಗಳವಾರ ಹೇಳಿ ನೋಡಿದರು, ಸೆಂಟ್ ಬಂತು. ಬುಧವಾರ ಸೆಂಡ್ ಸರಿಹೋಯಿತು, ಸೆಡ್ ತಪ್ಪಿತು. ಪ್ರತಿಸಲವೂ, ಇನ್ನೂ ಕಚ್ಚಾ ಹೊಲಿಗೆಯಲ್ಲೇ ಇದೆ, ಇದನ್ನು ಹೇಗೆ ಕೊಡುವುದು ಎಂದು ಮಷೀನಿನ ಕಡೆ ತಿರುಗುವರು. ನನಗೋ ದಿನ ಎಣಿಸುವುದೇ ಕೆಲಸವಾಯಿತು. ಮಗುವಿಗೆ ತುತ್ತು ಕೊಡುವಾಗಲೂ ಭಾನುವಾರ, ಬಟ್ಟೆ ಒಣಹಾಕುವಾಗಲೂ ಭಾನುವಾರ. ತಪ್ಪಿದ್ದರೂ ಅವಳಿಗೆ ಅರ್ಥವಾಗುತ್ತದೆ ಆಂಟಿ ಎಂದು ಅಂಗಲಾಚಿದೆ. ಹೋಗಲಿ, ನಾನೇ ಹೇಳಿಬಿಡಲಾ ಎಂದೆ.

ಅವರು ಕತ್ತರಿ ಕೆಳಗಿಟ್ಟರು. "ಹೋದ ಸಲ ನನ್ನ ಮಾತು ಇನ್ನೊಬ್ಬರ ಬಾಯಿಂದ ಹೋಯ್ತು. ಈ ಸಲ ನನ್ನ ಬಾಯಿಂದಲೇ ಹೋಗ್ಲಿ. ನೀನು ಚೆನ್ನಾಗಿ ಹೇಳ್ತೀಯ, ಗೊತ್ತು. ಅದಕ್ಕೇ ಬೇಡ."

ಶುಕ್ರವಾರ ಮಧ್ಯಾಹ್ನ ಸೊಸೆಯಿಂದ ನನ್ನ ಫೋನಿಗೆ ಒಂದು ಫೋಟೋ ಬಂತು. ಕೊರಿಯರಿನವರಿಗೆಂದು ಪೊಟ್ಟಣದ ಮೇಲೆ ನನ್ನ ನಂಬರು ಬರೆದಿದ್ದೆವು. ಫ್ರಾಕು ಹಾಕಿಕೊಂಡ ಹುಡುಗಿ ಗೋಡೆಗೆ ಪಕ್ಕವಾಗಿ ಒರಗಿ ನಿಂತಿದ್ದಾಳೆ. ಎದ್ದುಕಾಣುವ ಮುಂಗೂದಲು, ಬಾಯ್ತುಂಬ ಹಲ್ಲು. ತೋಳು ಮೊಣಕೈ ಮೇಲೆ ಹತ್ತಿ ಕೂತಿದೆ, ತುದಿ ತೊಡೆಯ ನಡುವಿಗೆ ಬಂದಿದೆ. ಬೆನ್ನಿನ ಗುಂಡಿ ಕೂಡದ್ದಕ್ಕೆ ಪಿನ್ನು ಚುಚ್ಚಿದ್ದು ಭುಜದ ಪಕ್ಕದಿಂದ ಇಣುಕುತ್ತಿದೆ. ಕೆಳಗೆ ಥ್ಯಾಂಕ್ಯೂ ಅಮ್ಮ ಎಂದಿತ್ತು. ತೋರಿಸುವುದೋ ಬೇಡವೋ ಎಂದು ನಾನು ಮೆಟ್ಟಿಲ ಮೇಲೆ ನಿಂತು ಒದ್ದಾಡಿದೆ. ತೋರಿಸದಿದ್ದರೆ ಅದೂ ಸೋಸಿದ ಹಾಗೇ ಅಲ್ಲವೇ ಅನ್ನಿಸಿತು.

ಆಂಟಿ ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದರು. ಪರದೆಯ ಮೇಲೆ ಆ ಪಿನ್ನಿನ ಜಾಗಕ್ಕೆ ಬೆರಳಿಟ್ಟರು. ಬೆರಳು ತಗುಲಿ ಚಿತ್ರ ದೊಡ್ಡದಾಯಿತು, ಮಗುವಿನ ಕೊರಳೊಂದೇ ಉಳಿಯಿತು.

"ಒಳಗೆ ಬಟ್ಟೇನೇ ಬಿಟ್ಟಿಲ್ಲ ನಾನು," ಎಂದರು. "ಬೀದಿ ಮಕ್ಕಳಿಗೆಲ್ಲ ಬಿಡ್ತೀನಿ. ಇವಳಿಗೆ ಬಿಟ್ಟಿಲ್ಲ."

ಮತ್ತೆ ಮೊಳೆಗೆ ನೇತುಹಾಕಿದ್ದ ಕಂದು ಕಾಗದದ ಕಡೆ ನೋಡಿದರು. ಎರಡು ವರ್ಷ ಅದರ ಮುಂದೆಯೇ ಕೂತು ಹೊಲಿದಿದ್ದಾರೆ. ಆ ಅಳತೆಯ ಮಗು ಈಗ ಎಲ್ಲೂ ಇಲ್ಲ ಎಂಬುದು ಅವರಿಗೆ ಹೊಳೆದದ್ದು ಆಗಲೇ ಇರಬೇಕು. ಅತ್ತರೆ ಏನು ಮಾಡಲಿ ಎಂದು ನಾನು ಹೆದರಿ ಕಾದೆ. ಅಳಲಿಲ್ಲ. ತಮ್ಮ ಫೋನು ತೆಗೆದುಕೊಂಡರು. ಸೆಡ್, ಸೆಂಡ್ ಎಂದು ಒಮ್ಮೆ ಒಳಗೇ ಹೇಳಿಕೊಂಡು ನೋಡುವರೇನೋ ಎಂದುಕೊಂಡೆ. ಅದೂ ಇಲ್ಲ. ನಂಬರು ಒತ್ತಿದರು. ದನಿ ಸರಿಯಾಗಿ ಕೇಳುವುದಿಲ್ಲವೆಂದು ಅವರು ಯಾವಾಗಲೂ ಸ್ಪೀಕರು ಹಾಕಿಕೊಂಡೇ ಮಾತಾಡುವುದು.

ಆ ಕಡೆಯಿಂದ ಹಲೋ ಬಂತು. ಆಂಟಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಐ ಸೇ ಬ್ಯಾಡ್ ವರ್ಡ್," ಎಂದರು. "ದಟ್ ಡೇ. ಯು... ನೋ ಸೆಂಡ್. ನೋ."

ಕಲಿತದ್ದೆಲ್ಲ ದಾರ ಎಳೆದ ಹಾಗೆ ಬಿಚ್ಚಿಹೋಗಿತ್ತು. ಸರಿಪಡಿಸಲು ನಾನು ಬಾಯಿ ತೆರೆಯಲಿಲ್ಲ. ಆ ಕಡೆ ದೂರದಲ್ಲೊಂದು ನಲ್ಲಿ ಸುರಿಯುವ ಸದ್ದು. ಆಮೇಲೆ ಸೊಸೆಯ ದನಿ, ಕೂಗದೆ, ತೀರಾ ಮೆಲ್ಲಗೆ: "ನೋ ಅಮ್ಮ. ಐ ಸೆಂಟ್ ಹಿಮ್. ಎವ್ರಿ ಡೇ ಐ ಥಿಂಕ್. ಐ ಸೆಂಟ್ ಹಿಮ್."

ಅರ್ಥವೇನೆಂದು ಆಂಟಿ ನನ್ನತ್ತ ತಿರುಗಲಿಲ್ಲ. ಆ ಒಂದು ಪದ ಅವರಿಗೆ ಗೊತ್ತಿತ್ತು. ಅಷ್ಟು ಮಧ್ಯಾಹ್ನಗಳಲ್ಲಿ ಬಾಯಿಂದ ಬಿಡಿಸಲಾಗದೆ ಉಳಿದಿದ್ದ ಪದ.

"ನೋ ಸೆಂಟ್," ಎಂದರು ಗಟ್ಟಿಯಾಗಿ. "ಹೀ ಗೋ. ಫಾದರ್, ನೋ? ಬೇಬಿ ಮಿಲ್ಕ್. ಹೀ ಗೋ. ಹೀ ಸೆಲ್ಫ್ ಗೋ."

ಆ ಕಡೆ ಅವಳು ಅತ್ತಳು. ಈ ಕಡೆ ಆಂಟಿ, "ಹೂಂ, ಹೂಂ," ಎನ್ನುತ್ತಾ ಕೂತರು. ಅದಕ್ಕೆ ಭಾಷೆ ಬೇಕಾಗಲಿಲ್ಲ. ನನ್ನ ಮಗಳು ಉರುಳೆ ಬಿಟ್ಟು ಬಂದು ನನ್ನ ಸೀರೆ ಹಿಡಿದುಕೊಂಡಳು. ಭಾನುವಾರ ಅವರು ಹೋಗುವುದು ಹೋಗುವುದೇ ಎಂದು ಮೂವರಿಗೂ ತಿಳಿದಿತ್ತು. ನಾಳೆ ಬಾ ಎನ್ನಲು ಅದು ಪಕ್ಕದ ಬೀದಿಯಲ್ಲ.

ಅಳು ನಿಂತ ಮೇಲೆ ಆಂಟಿ ಮೂಗು ಒರೆಸಿಕೊಂಡರು. ಎದ್ದು ಕಂದು ಕಾಗದವನ್ನು ಮೊಳೆಯಿಂದ ತೆಗೆದು, ಎರಡಾಗಿ ಮಡಚಿ, ಬಟ್ಟೆ ಚೂರುಗಳ ಬುಟ್ಟಿಗಲ್ಲ, ದಿಂಬಿನ ಕೆಳಗೆ ಇಟ್ಟರು. ಬಂದು ಮೇಜಿನ ಮೇಲೆ ಹೊಸ ಕಾಗದ ಹರಡಿ, ಸೀಮೆಸುಣ್ಣ ಕೈಗೆ ತೆಗೆದುಕೊಂಡರು.

"ಬೇಬಿ ಚೆಸ್ಟ್?" ಎಂದರು. "ಲೆಂಗ್ತ್?"

ವೇಟ್ ಅಮ್ಮ ಎಂದಳು ಸೊಸೆ. ಫೋನು ಎಲ್ಲೋ ಇಟ್ಟ ಸದ್ದು, ಡ್ರಾಯರು ಎಳೆದ ಸದ್ದು, ಅಳತೆಪಟ್ಟಿ ಹುಡುಕಲು ಕಟ್ಟಿಟ್ಟ ಪೆಟ್ಟಿಗೆಯೊಂದರ ಅಂಟುಟೇಪು ಪರಪರ ಕಿತ್ತ ಸದ್ದು. ಒಂದು ಚಿಕ್ಕ ದನಿ ಏನನ್ನೋ ಕೇಳಿತು, ಅವಳು ತನ್ನ ಭಾಷೆಯಲ್ಲಿ ಏನೋ ಹೇಳಿ ಸುಮ್ಮನೆ ನಿಲ್ಲಿಸಿಕೊಂಡಳು. ಆಮೇಲೆ ಅಂಕಿಗಳು ಒಂದೊಂದಾಗಿ ಬಂದವು. ಆಂಟಿ ಬರೆದುಕೊಂಡರು. ಎಲ್ಲೋ ಅನುಮಾನ ಬಂತು. ಇಂಚೋ ಸೆಂಟಿಮೀಟರೋ ಕೇಳು ಎಂದು ನನಗೆ ಸನ್ನೆ ಮಾಡಲು ಕೈಯೆತ್ತಿದವರು ಅರ್ಧಕ್ಕೇ ಇಳಿಸಿ, ಫೋನಿನ ಹತ್ತಿರ ಬಾಗಿ ತಾವೇ ಕೇಳಿದರು.