ಇದ್ದಿಲ ಬಸ್ಸಿನ ಮಾವ

ನನ್ನ ಸೋದರಮಾವನ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಸೇರುತ್ತಿರಲಿಲ್ಲ. ಬುಡದಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ಅದು ಸದಾ ಹೊರಕ್ಕೆ ಚಾಚಿಕೊಂಡೇ ಇರುತ್ತಿತ್ತು. ಮುದ್ದೆ ಮುರಿಯುವಾಗಲೂ ಅದೊಂದು ಬೇರೆ ನಿಂತಿರುತ್ತಿತ್ತು. ಆ ಕಾಲದ ಬಸ್ಸಿಗೆ ಮುಂದುಗಡೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಿದರೇ ಎಂಜಿನ್ ಹತ್ತಿಕೊಳ್ಳುವುದು. ಹತ್ತಿಕೊಳ್ಳುವ ಗಳಿಗೆಯಲ್ಲಿ ಹ್ಯಾಂಡಲ್ ಹಿಂದಕ್ಕೆ ಒದೆಯುವುದೂ ಉಂಟು. ಹೆಬ್ಬೆರಳನ್ನು ಅದರ ಸುತ್ತ ಬಿಗಿಹಿಡಿದವನ ಗತಿ ಅಷ್ಟೇ. ಕ್ಲೀನರ್ ಆಗಿ ಸೇರಿದ ಹೊಸದರಲ್ಲಿ ಮಾವ ಹಾಗೆ ಹಿಡಿದಿದ್ದ. "ನಿಮ್ಮಪ್ಪನ್ ಸರ್ಟೀಪಿಕೇಟು ಪೆಟ್ಟಿಗೇಲದೆ, ನಂದು ಕೈಯಲ್ಲೇ ಅದೆ ಕಣಮ್ಮಿ," ಎಂದು ಆ ಬೆರಳು ತೋರಿಸಿ ನಗುತ್ತಿದ್ದ.

ಅವನು ಅವ್ವನ ಕೊನೆಯ ತಮ್ಮ, ಕೊಣನೂರಿನವನು. ನನಗಿಂತ ಏಳೆಂಟು ವರ್ಷ ದೊಡ್ಡವನಿದ್ದಿರಬೇಕು. ಅಪ್ಪ ಅರಕಲಗೂಡಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಮಾವ ಓದು ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದಾಗ ಅಪ್ಪ ವಾರಗಟ್ಟಲೆ ಅವನೊಡನೆ ಮಾತಾಡಲಿಲ್ಲವಂತೆ. ಬಸ್ಸೆಂದರೆ ಆಗ ನಮ್ಮ ಸೀಮೆಗೆ ಹೊಸ ಬೆರಗು. ಎರಡು ಮೂರು ವರ್ಷ ಊಟಕ್ಕಷ್ಟೇ ದುಡಿದು, ಚಕ್ರ ತೊಳೆದು, ಡ್ರೈವರನ ಬೈಗುಳ ತಿಂದು, ಹಾಸನದಲ್ಲಿ ಸಾಹೇಬರ ಮುಂದೆ ಓಡಿಸಿ ತೋರಿಸಿ ಲೈಸೆನ್ಸು ಪಡೆದರೆ ಮುಗಿಯಿತು, ಅವನೇ ರಾಜ. ಓದು ಬರಹ ಹೆಚ್ಚೇನೂ ಬೇಡ, ಊರ ಹೆಸರಿನ ಬೋರ್ಡು ಓದಿ ರುಜು ಹಾಕಲು ಬಂದರೆ ಸಾಕು. ಒಂದು ಬಸ್ಸಿದ್ದ ಮಾಲೀಕ ಮೂರು ಮಾಡಿದ, ಮೂರಿದ್ದವನು ಆರು ಮಾಡಿದ. ಡ್ರೈವರುಗಳಿಗಂತೂ ಮನೆ ಬಾಗಿಲಿಗೆ ಬಂದು ಕರೆಯುವಷ್ಟು ಬೇಡಿಕೆ. ಕೊಣನೂರಿನಿಂದ ಅರಕಲಗೂಡಿನ ಮೇಲೆ ಹಾಸನಕ್ಕೆ ಹೋಗುವ ಬಸ್ಸು ಮಾವನ ಕೈಗೆ ಬಂದಾಗ ಅವನ ಸಂಬಳ ಅಪ್ಪನ ಸಂಬಳವನ್ನು ದಾಟಿತ್ತು, ಮೇಲೆ ದಿನದ ಊಟ-ಖರ್ಚಿನ ಬಾಟಾ ಬೇರೆ. ಅವ್ವ ಹಿಗ್ಗಿದಳು. ಅಪ್ಪ ಮಾತ್ರ ಆ ವಿಷಯ ಬಂದಾಗಲೆಲ್ಲ ಎದ್ದುಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದರು.

ನಮ್ಮ ಕಡೆ ಅಕ್ಕನ ಮಗಳ ಮೇಲೆ ತಮ್ಮನಿಗೆ ಮೊದಲ ಹಕ್ಕು. ಬೇರೆ ಕಡೆ ಗಂಡು ನೋಡಬೇಕಾದರೂ ಅವನನ್ನೊಂದು ಮಾತು ಕೇಳಿಯೇ ನೋಡಬೇಕು. ನಾನು ತೊಟ್ಟಿಲಲ್ಲಿರುವಾಗಲೇ ಅಜ್ಜಿ ಎಲ್ಲ ತೀರ್ಮಾನ ಮಾಡಿ ಕೂತಿದ್ದಳಂತೆ. ಮೇಷ್ಟ್ರ ಮಗಳಾದ್ದರಿಂದ ನನ್ನನ್ನು ಮಿಡ್ಲ್ ಸ್ಕೂಲಿನ ಕೊನೆಯ ಪರೀಕ್ಷೆಯಾದ ಲೋಯರ್ ಸೆಕೆಂಡರಿವರೆಗೆ ಓದಿಸಿದರು, ಹದಿನೆಂಟು ತುಂಬಿದರೂ ಮದುವೆಗೆ ಅವಸರ ಮಾಡಲಿಲ್ಲ. ಆ ಹೊತ್ತಿಗೆ ನನಗೂ ಮನಸ್ಸು ಅಂತ ಒಂದು ಇತ್ತು. ಈಗ ಈ ವಯಸ್ಸಿನಲ್ಲಿ ನಾಚಿಕೆ ಯಾಕೆ, ಮಾವನನ್ನು ಬಿಟ್ಟರೆ ಬೇರೆ ಯಾರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವ್ವ ಮಾತೆತ್ತಿದಳು. ಅಪ್ಪ ಇಲ್ಲ ಎನ್ನಲಿಲ್ಲ, ಒಂದು ಷರತ್ತು ಹಾಕಿದರು.

"ಲೋಯರ್ ಸೆಕೆಂಡರಿ ಪಾಸು ಮಾಡಿಕೊಳ್ಳಲಿ. ಎಲ್ಲಾದರೂ ಸರ್ಕಾರಿ ಕಚೇರಿಯಲ್ಲಿ ಬರೆಯುವ ಕೆಲಸಕ್ಕೆ ಸೇರಿಸೋಣ. ಆಮೇಲೆ ನಾನೇ ಮುಂದೆ ನಿಂತು ಕೊಡ್ತೀನಿ. ಮೋಟಾರು ಇವತ್ತು ಇದೆ, ನಾಳೆ ಇಲ್ಲ. ಪೆನ್ಷನ್ ಯಾರು ಕೊಡ್ತಾರೆ?"

"ಅವ್ನು ನಿಮ್ಗಿಂತ ಹೆಚ್ಗೇ ತತ್ತಾನಲ್ಲ," ಎಂದಳು ಅವ್ವ.

"ಇವತ್ತು ತರ್ತಾನೆ," ಎಂದರು ಅಪ್ಪ.

ಅಪ್ಪನ ಮಾತೇ ನಿಜವಾಯಿತೇನೋ ಎಂಬಂತೆ ಯುದ್ಧ ಬಂತು. ಪೆಟ್ರೋಲು ಕಣ್ಮರೆಯಾಯಿತು. ಮಾಲೀಕರು ಬಸ್ಸಿನ ಹಿಂದೆ ಆಳೆತ್ತರದ ಕಬ್ಬಿಣದ ಒಲೆ ಕಟ್ಟಿಸಿ, ಅದರಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಬಸ್ಸು ಓಡಿಸತೊಡಗಿದರು. ಒಲೆ ಹದಕ್ಕೆ ಬರುವವರೆಗೆ ಗಾಳಿ ಊದುವ ಚಕ್ರ ತಿರುಗಿಸುತ್ತಾ ನಿಲ್ಲಬೇಕು. ಏರು ಬಂದರೆ ಜನ ಇಳಿದು ತಳ್ಳಬೇಕು. ಇಸ್ತ್ರಿ ಅಂಗಿ ಹಾಕಿ, ಹಣೆಯ ಮೇಲೆ ಕ್ರಾಪು ಬಿಟ್ಟು ಮೆರೆಯುತ್ತಿದ್ದ ನಮ್ಮ ಮಾವ ಕಮ್ಮಾರನಿಗಿಂತ ಕಡೆಯಾದ. ಮೂಗಿನೊಳಗೆ ಮಸಿ, ಉಗುಳಿದರೆ ಮಸಿ. "ಮೊದ್ಲು ಡ್ರೈವರು, ಈಗ ಅಡುಗೆ ಬಟ್ಟ ಕಣಮ್ಮಿ. ಒಲೆ ಊದೋದೇ ಕೆಲ್ಸ," ಎನ್ನುತ್ತಿದ್ದ. ಕೆಮ್ಮು ಶುರುವಾದದ್ದೂ ಆಗಲೇ. ನಾವ್ಯಾರೂ ಅದನ್ನು ಲೆಕ್ಕಕ್ಕಿಡಲಿಲ್ಲ.

ಷರತ್ತನ್ನು ಅವನು ಒಪ್ಪಿಕೊಂಡ. ಬೇರೆಯವರಾಗಿದ್ದರೆ ರೇಗುತ್ತಿದ್ದರು, ಇವನು ಸ್ಲೇಟು ಕೊಂಡುಬಂದ. ಸಂಜೆ ಬಸ್ಸು ನಿಲ್ಲಿಸಿ, ನಮ್ಮ ಹಿತ್ತಿಲಲ್ಲಿ ಬೂದಿ ಹಾಕಿ ಕೈ ಉಜ್ಜಿ, ಅಪ್ಪನ ಮುಂದೆ ಚಾಪೆಯ ಮೇಲೆ ಕೂರುವನು. ಅಪ್ಪ ಹೇಳಿಕೊಡುವುದರಲ್ಲಿ ಮೋಸ ಮಾಡುವವರಲ್ಲ. ಬೇರೆಯವರ ಮಕ್ಕಳಿಗೆ ಹೇಗೋ ಹಾಗೇ ಇವನಿಗೂ ಕಿವಿ ಹಿಂಡಿದ ಹಾಗೆ ಹೇಳಿಕೊಟ್ಟರು.

"ಹೇಮಾವತಿ ಎಲ್ಲಿ ಹುಟ್ತದೆ ಹೇಳಯ್ಯ."

"ಎಲ್ಲುಟ್ತದೋ ಕಾಣೆ ಬಾವ. ಎಲ್ ದಾಟ್ಬೇಕು ಅನ್ನಾದ್ ಗೊತ್ತು."

ಒಳಗೆ ನಾನೂ ಅವ್ವನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆವು. ಆದರೂ ಪುಣ್ಯಾತ್ಮ ಕಲಿತ. ಲೆಕ್ಕ ಬೇಗ ಹತ್ತಿತು, ವ್ಯಾಕರಣವೇ ಅವನ ಪಾಲಿನ ಶನಿ. ಸ್ಟೀರಿಂಗ್ ಚಕ್ರದ ಮುಂದೆ ಕೂತಾಗಲೂ ಸೂತ್ರಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾನೆ, ಬ್ರೇಕು ಹಾಕುವುದು ಮರೆತಾನು ಎಂದು ಸಂತೆಗೆ ಹೋಗುವವರು ಅವ್ವನ ಹತ್ತಿರ ದೂರು ಹೇಳಿದರು. ಚಳಿಗಾಲದ ಹೊತ್ತಿಗೆ ಅಪ್ಪನೇ, "ಪರೀಕ್ಷೆಗೆ ಕಟ್ಟಬಹುದು, ಪಾಸಾಗ್ತಾನೆ," ಎಂದರು. ಅಪ್ಪನ ಬಾಯಲ್ಲಿ ಅದು ದೊಡ್ಡ ಮಾತು. ಅವ್ವ ಒಳಗೊಳಗೇ ನನ್ನ ಸೀರೆಯ ಬಣ್ಣ ಯೋಚಿಸತೊಡಗಿದಳು.

ಶಾಲೆಗೆ ಸೇರದೆ ಹೊರಗಿನಿಂದ ಕಟ್ಟುವವರಿಗೆ ಪರೀಕ್ಷೆ ಹಾಸನದಲ್ಲಿ. ಅಂದು ಮಾವ ರಜೆ ಹಾಕಿ, ಬಿಳಿ ಪಂಚೆಯುಟ್ಟು, ತನ್ನದೇ ಬಸ್ಸಿನಲ್ಲಿ ಮೊದಲ ಸಲ ಪ್ರಯಾಣಿಕನಾಗಿ ಕೂತು ಹೋಗುವುದೆಂದು ಗೊತ್ತಾಗಿತ್ತು. ಅವ್ವ ದೇವರಿಗೆ ದೀಪ ಹಚ್ಚಿ ಅವನ ಜೇಬಿಗೆ ಹೂವು ಹಾಕಿದಳು. ಬದಲಿಗೆ ಬರಬೇಕಾದ ಡ್ರೈವರನಿಗೆ ಚಳಿಜ್ವರವಂತೆ, ಬರಲೇ ಇಲ್ಲ. ಬಸ್ಸಿನ ತುಂಬ ಜನ ಕೂತಾಗಿತ್ತು. ಕೋರ್ಟಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು. ಮಾವ ಪಂಚೆ ಎತ್ತಿಕಟ್ಟಿ ತಾನೇ ಹ್ಯಾಂಡಲ್ ಹಾಕಿದ.

ಹೊಳೆ ದಾಟಿದ ಮೇಲೆ ಸಿಗುವ ಏರಿನಲ್ಲಿ ಬಸ್ಸು ನಿಂತುಹೋಯಿತು. ಇದ್ದಿಲು ತೇವವಾಗಿತ್ತಂತೆ. ಜನ ಇಳಿದು ತಳ್ಳಿದರೂ ಹತ್ತಲಿಲ್ಲ. ಆಗ ಹಿಂದಿನಿಂದ ಯಾರೋ ದೊಡ್ಡ ಅಧಿಕಾರಿಯ ಕಾರು ಬಂತು. ಇವನ ಪರೀಕ್ಷೆಯ ವಿಷಯ ಇಡೀ ಬಸ್ಸಿಗೇ ಗೊತ್ತಿತ್ತಲ್ಲ, ಒಬ್ಬರು ಮುದುಕರು ಅಡ್ಡ ನಿಂತು, ಇವನನ್ನು ಹಾಸನಕ್ಕೆ ಮುಟ್ಟಿಸಿ ಎಂದು ಕೈ ಮುಗಿದು ಕೇಳಿದರು. ಪುಣ್ಯಕ್ಕೆ ಆ ಅಧಿಕಾರಿಯೂ ಕಾರು ಹತ್ತು ಎಂದರು. ಮಾವ ಹತ್ತಲಿಲ್ಲ. ಒಲೆ ಬಿಚ್ಚಿ, ಒದ್ದೆ ಇದ್ದಿಲು ಸುರಿದು, ಕೊಳವೆ ತೊಳೆದು, ಬೇರೆ ಇದ್ದಿಲು ತುಂಬಿ ಊದತೊಡಗಿದ. ಬಸ್ಸು ಹಾಸನ ಮುಟ್ಟಿ, ಅವನು ಆ ಮಸಿ ಮೈಯಲ್ಲೇ ಓಡಿಹೋದಾಗ ಪರೀಕ್ಷೆಯ ಬಾಗಿಲು ಹಾಕಿಯಾಗಿತ್ತು. ಜವಾನ ಅವನ ವೇಷ ನೋಡಿ ಒಳಕ್ಕೆ ಹೇಳಿಕಳಿಸಲೂ ಒಪ್ಪಲಿಲ್ಲ.

ಸಂಜೆ ನಮ್ಮ ಮನೆಯ ಜಗಲಿಯ ಮೇಲೆ ಬಂದು ಕೂತ. ಅಪ್ಪ ಎಲ್ಲ ಕೇಳಿದರು.

"ಕಾರು ಸಿಕ್ಕಿತ್ತಲ್ಲ, ಯಾಕಯ್ಯ ಹೋಗಲಿಲ್ಲ?"

"ಜನ್ವ ಏರ್‌ನಲ್ ಬುಟ್ಬುಟ್ಟು ಎಂಗೋಗ್ಲಿ ಬಾವ? ಒಬ್ಳು ಬಾಣಂತಿ ಬೇರೆ ಇದ್ಲು. ಕ್ಲೀನರ್ ಉಡ್ಗುಂಗೆ ಒಲೆ ಬಿಚ್ಚಾಕ್ ಬರಾಕಿಲ್ಲ. ಉರಿ ಮುಖಕ್ಕೇ ಹೊಡೆದ್ರೆ?"

 ಅಪ್ಪ, "ಮಾಡಿದ್ದು ಸರಿ. ಬರೋ ವರ್ಷ ಕಟ್ಟು," ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಸರಿ ಅಂದಮೇಲೆ ಇನ್ನು ಪರೀಕ್ಷೆ ಯಾಕೆ ಎಂದು ಕೇಳಬೇಕೆನ್ನಿಸಿತು. ಆ ಕಾಲದಲ್ಲಿ ಹೆಣ್ಣುಮಕ್ಕಳು ಹಾಗೆಲ್ಲ ಕೇಳುವಂತಿರಲಿಲ್ಲ.

ಬರೋ ವರ್ಷ ಬರುವುದರೊಳಗೆ ಚನ್ನರಾಯಪಟ್ಟಣದ ಸಂಬಂಧ ಬಂತು. ಯುದ್ಧದಲ್ಲಿ ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ರೇಷನ್ ಬಂದು, ಊರೂರಿಗೆ ಅದರ ಕಚೇರಿ ತೆರೆದು, ಎಸ್.ಎಸ್.ಎಲ್.ಸಿ. ಆದವರನ್ನು ಸಾಲುಗಟ್ಟಿ ಗುಮಾಸ್ತರಾಗಿ ಸೇರಿಸಿಕೊಳ್ಳುತ್ತಿದ್ದರು. ಅಂಥ ಗುಮಾಸ್ತರೊಬ್ಬರು ನನ್ನನ್ನು ನೋಡಲು ಬಂದರು. ಸರ್ಕಾರಿ ಕೆಲಸ, ಕೋಟು, ಮಸಿಯಿಲ್ಲದ ಬೆರಳು. ಅಪ್ಪನಿಗೆ ಇನ್ನೇನು ಬೇಕು. ನಾನು ಅವ್ವನ ಮುಂದೆ ಅತ್ತು, "ಮಾವ ಇನ್ನೊಂದು ವರ್ಷದಲ್ಲಿ ಕಟ್ತಾನಲ್ಲವ್ವ," ಎಂದೆ. ಅವ್ವ ಕಣ್ಣೊರೆಸಿಕೊಂಡು, "ನಿಮ್ಮಪ್ಪ ಒಪ್ಕೊಂಡ್‌ಬುಟ್ಟವ್ರೆ ಕಣವ್ವ," ಎಂದಳು, ಅಷ್ಟೇ. ಪದ್ಧತಿಯಂತೆ ಮಾವನನ್ನು ಕರೆಸಿ ಕೇಳಿದರು. ಅವನು ಆಗಲಿ ಅಂದನಂತೆ. ಬೇಡ ಎನ್ನುವ ಹಕ್ಕಿತ್ತು, ಎನ್ನಲಿಲ್ಲ. ಯಾಕೆ ಎನ್ನಲಿಲ್ಲ ಎಂದು ಅವನ ಮೇಲೆ ನನಗೆ ಎಷ್ಟೋ ವರ್ಷ ಸಿಟ್ಟಿತ್ತು.

ನಮ್ಮಲ್ಲಿ ಮದುವೆಯ ಹೆಣ್ಣು ತಾನಾಗಿ ನಡೆದು ಹಸೆಗೆ ಹೋಗುವಂತಿಲ್ಲ. ಸೋದರಮಾವನೇ ಎತ್ತಿಕೊಂಡು ಬಂದು ಕೂರಿಸಬೇಕು. ಅಂದು ಬೆಳಗ್ಗೆ ಹಿತ್ತಿಲಲ್ಲಿ ಅವನು ಸೀಗೆಪುಡಿ, ಹುಣಸೆಹಣ್ಣು, ಬೂದಿ ಎಲ್ಲ ಹಾಕಿ ಕೈ ಉಜ್ಜುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದೆ. ನನ್ನ ಧಾರೆ ಸೀರೆ ಬಿಳಿ. ಅದಕ್ಕೆ ಮಸಿ ಹತ್ತಬಾರದಲ್ಲ. ವಾಲಗ ಶುರುವಾದಾಗ ಕೋಣೆಗೆ ಬಂದ. ಯಾವಾಗಲೂ ಕಣಮ್ಮಿ ಎಂದು ರೇಗಿಸುತ್ತಿದ್ದವನು, "ಬಾ ಕಣವ್ವ, ಒತ್ತಾಯ್ತು," ಎಂದ. ಹಸೆಯವರೆಗಿನ ದಾರಿಯಲ್ಲಿ ನಾನು ಅಳುತ್ತಿದ್ದೆ. ತವರು ಬಿಡುವ ದುಃಖ ಎಂದು ಹೆಂಗಸರು ಸಮಾಧಾನ ಹೇಳಿದರು. ಅವನು ನನ್ನನ್ನು ಮಣೆಯ ಮೇಲೆ ಕೂರಿಸಿ, ಸೆರಗು ಸರಿಮಾಡಿ, ಒಲೆ ಹೊತ್ತಿಸಬೇಕು ಎಂದು ಹೇಳಿ ಬಸ್ಸಿಗೆ ಹೋದ. ಊಟಕ್ಕೂ ನಿಲ್ಲಲಿಲ್ಲ.

ನನ್ನ ಯಜಮಾನರು ಒಳ್ಳೆಯವರು, ಅದನ್ನು ಹೇಳದಿದ್ದರೆ ಪಾಪ ಬರುತ್ತದೆ. ಆದರೆ ಯುದ್ಧ ಮುಗಿದ ಮೇಲೆ ರೇಷನ್ನಿನ ಕಂಟ್ರೋಲು ಒಂದೊಂದಾಗಿ ತೆಗೆದರು. ಎಷ್ಟು ಬೇಗ ಬೆಳೆದಿತ್ತೋ ಅಷ್ಟೇ ಬೇಗ ಆ ಇಲಾಖೆ ಕರಗಿತು. ಟೆಂಪರರಿ ಎನ್ನುವ ಮಾತು ಅವರ ನೇಮಕದಲ್ಲಿ ಮೊದಲಿನಿಂದಲೂ ಇತ್ತಂತೆ. ಸರ್ಕಾರಿ ಎಂಬ ಮಾತು ಕಂಡವರಿಗೆ ಅದು ಕಾಣಲಿಲ್ಲ. ಕೆಲಸ ಹೋದ ಮೇಲೂ ಇವರು ಬೆಳಗ್ಗೆ ಕೋಟು ಹಾಕಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದರು. ಯಾರಾದರೂ ಕೇಳಿದರೆ ರಜಾ ಎನ್ನುವರು. ಮನೆಯಲ್ಲಿ ಎರಡು ಮಕ್ಕಳು. ಅಪ್ಪ ಬಂದರೆ ನನ್ನ ಮುಖ ನೋಡುತ್ತಿರಲಿಲ್ಲ.

ಆಗ ಮಾವ ಬಂದ. ಅಷ್ಟು ಹೊತ್ತಿಗೆ ಪೆಟ್ರೋಲು ಮರಳಿ ಬಂದು ಇದ್ದಿಲ ಒಲೆಗಳನ್ನು ಕಿತ್ತುಹಾಕಿದ್ದರು, ಕೆಮ್ಮು ಮಾತ್ರ ಇವನನ್ನು ಬಿಟ್ಟಿರಲಿಲ್ಲ. ಮದುವೆಯ ಮಾತೆತ್ತಿದವರಿಗೆಲ್ಲ ಏನೋ ತಮಾಷೆ ಹೇಳಿ ಸಾಗಹಾಕುತ್ತಾ ಒಂಟಿಯಾಗೇ ಉಳಿದಿದ್ದ. ಕೈಕಾಲು ತೊಳೆದು, ನಮ್ಮ ಯಜಮಾನರಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು, "ಅಳಿಯಂದ್ರೆ, ಒಂದುಪ್ಕಾರ ಆಗ್ಬೇಕಿತ್ತು," ಎಂದ. "ನಮ್ ಮಾಲೀಕ್ರು ಇಲ್ಲಿ ಬಸ್ ಆಪೀಸು ತಗುದವ್ರೆ. ಟಿಕೀಟು, ಲೆಕ್ಕ ಎಲ್ಲಾ ಬರ್ಯಾಕೆ ಓದ್ದೋರು ಸಿಕ್ತಾ ಇಲ್ಲ. ನಿಮ್ಮಂತೋರು ಬಂದು ಕೂತ್ರೆ ನಂಗೆ ಮರ್ವಾದೆ ಉಳಿತದೆ."

ಇವರು ಯೋಚಿಸುವವರಂತೆ ಕೋಟಿನ ಗುಂಡಿ ಸರಿಮಾಡಿಕೊಂಡು, "ನೀವು ಹೇಳಿದ ಮೇಲೆ ನೋಡೋಣ ಬಿಡಿ," ಎಂದರು. ಒಳಗೆ ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ನನ್ನ ಮಕ್ಕಳು ಓದಿದ್ದು, ಉಂಡಿದ್ದು, ನಾವು ಮಾನವಾಗಿ ಬದುಕಿದ್ದು ಆ ಬಸ್ ಆಫೀಸಿನ ಸಂಬಳದಲ್ಲಿ.

ಎರಡು ವರ್ಷಕ್ಕೆಲ್ಲ ಮಾವ ಹಾಸಿಗೆ ಹಿಡಿದ. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಎದೆ ಪೂರ್ತಿ ಕೆಟ್ಟಿದೆ ಎಂದು ಹೇಳಿಬಿಟ್ಟರು. ನಾನು ಅಲ್ಲೇ ಇದ್ದು ನೋಡಿಕೊಂಡೆ. ಯಜಮಾನರೇ ಹೋಗು ಎಂದು ಕಳಿಸಿದ್ದರು. ಕೊನೆಗೆ ಅಪ್ಪ ಬಂದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು.  ಮಾವನೇ ಮೊದಲು ಕೇಳಿದ.

"ಬಾವ, ಅವತ್ತು ಪರೀಕ್ಸೇಲಿ ಏನ್ ಕೇಳಿದ್ರು?"

ಅಪ್ಪನಿಗೆ ಅದು ಬಾಯಿಪಾಠವಾಗಿತ್ತು. ಪರೀಕ್ಷೆ ಬರೆದ ಹುಡುಗರಿಂದ ಅಂದೇ ಪ್ರಶ್ನೆಗಳನ್ನು ಕೇಳಿಕೊಂಡಿದ್ದರಂತೆ, ನಮಗಾರಿಗೂ ಹೇಳಿರಲಿಲ್ಲ. ಒಂದೊಂದಾಗಿ ಹೇಳತೊಡಗಿದರು, ಶಾಲೆಯಲ್ಲಿ ಹೇಳುವ ಅದೇ ದನಿಯಲ್ಲಿ. ಬಡ್ಡಿ ಲೆಕ್ಕಕ್ಕೆ ಮಾವ ಕಣ್ಣು ಮುಚ್ಚಿ ಉತ್ತರ ಹೇಳಿದ. ಇನ್ನೊಂದಕ್ಕೂ ಹೇಳಿದ. ಉಸಿರು ಸಾಲದೆ ನಿಲ್ಲಿಸಿದರೆ ಅಪ್ಪ ಕಾಯುತ್ತಿದ್ದರು. ಸಂಧಿ ಬಿಡಿಸುವುದು ತಪ್ಪಿತು. ಅಪ್ಪ ತಿದ್ದಿದರು, ಅವನು ತಿದ್ದಿದಂತೆ ಮತ್ತೆ ಹೇಳಿದ.

"ಸಾಕು," ಎಂದರು ಅಪ್ಪ. "ಪಾಸು ಕಣಯ್ಯ."

ಮಾವ ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, ಎಂದಿನ ತಮಾಷೆಯ ದನಿಯಲ್ಲೇ, "ಅಂಗಾದ್ರೆ ಕೊಡ್ತೀರಾ ಬಾವ?" ಎಂದ.

ಅಪ್ಪ ಅವನ ಕೈ ಹಿಡಿದುಕೊಂಡರು. "ನಿನಗೆ ಕೊಡದೆ ಇನ್ನಾರಿಗೆ ಕೊಡಲಿ ಹೇಳಪ್ಪ."

ಆಗ ನಾನು ಅಲ್ಲೇ ಗಂಜಿಯ ಲೋಟ ಹಿಡಿದು ನಿಂತಿದ್ದೆ. ಮಾವ ನನ್ನ ಕಡೆ ತಿರುಗಲಿಲ್ಲ, ಗೋಡೆಯ ಕಡೆ ಮಗ್ಗುಲಾಗಿ ಮಲಗಿದ. ಮೂರನೆಯ ದಿನ ಬೆಳಗ್ಗೆ ಹೋಗಿಬಿಟ್ಟ.