ಲಿಫ್ಟಿನ ಬಾಗಿಲಿಗೆ ಕಿವಿ

ಲಿಫ್ಟ್ ಇನ್ಸ್‌ಪೆಕ್ಟರು ಯಾವ ಕಟ್ಟಡಕ್ಕೆ ಹೋದರೂ ಮೊದಲು ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗಿನಿಂದ ಯಾರೋ ಗುಟ್ಟು ಹೇಳುತ್ತಿದ್ದಾರೆ ಎಂದುಕೊಳ್ಳಬೇಕು, ನೋಡಿದವರು. ಬ್ಯಾಗಿನಲ್ಲಿದ್ದ ಉಪಕರಣಗಳ ಸರದಿ ಆಮೇಲೆ. ಮನೆಗೆ ಬಂದರೆ ಮಾತ್ರ ಆ ಕಿವಿಗೆ ರಜೆ. ಬ್ಯಾಗು ಮೊಳೆಗೆ ಬಿದ್ದರೆ ಆಫೀಸಿನ ಮಾತು ಅಲ್ಲಿಗೆ ಮುಗಿಯಿತು. ತಾವು ವಾಸವಿದ್ದ ಕಟ್ಟಡದ ಲಿಫ್ಟನ್ನು ಅವರು ಪರೀಕ್ಷಿಸುವಂತೆಯೂ ಇರಲಿಲ್ಲ, ಅದು ಸಹೋದ್ಯೋಗಿಯ ಪಾಲಿನದು. ಹಾಗಾಗಿ ಅದರಲ್ಲಿ ಎಲ್ಲರಂತೆ ಸುಮ್ಮನೆ ನಿಂತು ಐದನೇ ಮಹಡಿಗೆ ಹೋಗುತ್ತಿದ್ದರು.

ಒಂದು ಸಂಜೆ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಕಾಯುತ್ತಿದ್ದಾಗ ಕಿವಿ ತಾನಾಗಿಯೇ ಬಾಗಿಲಿಗೆ ಹೋಯಿತು. ಮುಖ ಸಪ್ಪಗಾಯಿತು. ಚೀಲಗಳ ಸಮೇತ ಮೆಟ್ಟಿಲು ಹತ್ತಿದರು. ಮರುದಿನ ಸಹೋದ್ಯೋಗಿಯ ಮುಂದೆ, ದೂರು ಕೊಡಲು ಬರುವ ಜನ ಕೂರುವ ಕುರ್ಚಿಯಲ್ಲಿ ಕೂತು, "ಸಾರ್, ನಮ್ಮ ಬಿಲ್ಡಿಂಗಿನ ಲಿಫ್ಟು ಸದ್ದು ಮಾಡ್ತಿದೆ" ಎಂದರು. ಸಹೋದ್ಯೋಗಿ ಬಿದ್ದುಬಿದ್ದು ನಕ್ಕ. ಬಂದು ಉಕ್ಕಿನ ಹಗ್ಗ ನೋಡಿದ ಮೇಲೆ ಅವನ ನಗು ನಿಂತಿತು, ಎಳೆಗಳು ಕಿತ್ತುಬಂದಿದ್ದವು. ಲಿಫ್ಟಿಗೆ ಸೀಲು ಬಿತ್ತು.

ಹೊಸ ಹಗ್ಗವೇನೋ ಬೇಗ ಬಂತು. ಇನ್ನು ಇನ್ಸ್‌ಪೆಕ್ಟರೊಬ್ಬರು ನೋಡಿ ಸಹಿ ಹಾಕಿದರೆ ಸಾಕಿತ್ತು. ಅಷ್ಟರಲ್ಲಿ ಸಹೋದ್ಯೋಗಿ ರಜೆ ಹಾಕಿ ಮಗಳ ಊರಿಗೆ ಹೊರಟುಹೋದ, ಅವನ ಕೆಲಸವೆಲ್ಲ ನಮ್ಮ ಇನ್ಸ್‌ಪೆಕ್ಟರ ತಲೆಗೇ ಬಂತು. ಬೇರೆ ಯಾರನ್ನಾದರೂ ಕಳಿಸಿ ಎಂದು ಮೇಲಧಿಕಾರಿಗಳನ್ನು ಕೇಳಿದರೆ, "ಅಲ್ರೀ, ನೀವು ಅಲ್ಲೇ ಇದ್ದೀರಲ್ಲ, ಇನ್ನೆಲ್ಲಿಂದ ತರಲಿ?" ಎಂದರು.

ಕಟ್ಟಡದ ಜನ ಇನ್ಸ್‌ಪೆಕ್ಟರ ಮನೆ ಬಾಗಿಲಿಗೆ ಬಂದು ನಿಂತರು. "ಪೆನ್ನು ನಿಮ್ಮ ಜೇಬಲ್ಲೇ ಇದೆಯಲ್ಲ ಸಾರ್!"

"ನಾನಿರೋ ಬಿಲ್ಡಿಂಗಿಗೆ ನಾನೇ ಸಹಿ ಹಾಕೋ ಹಾಗಿಲ್ಲ."

"ಹಾಗಾದ್ರೆ ಮನೆ ಖಾಲಿ ಮಾಡಿ," ಎಂದು ಒಳಗಿನಿಂದ ಹೆಂಡತಿಯ ದನಿ ಬಂತು. "ಬೀದೀಲಿ ನಿಂತು ಸಹಿ ಹಾಕಿ, ಮತ್ತೆ ಬನ್ನಿ. ಬಾಗಿಲು ತೆಗೆಯೋದು ನನಗೆ ಬಿಟ್ಟಿದ್ದು."

ಹೆಂಡತಿಯ ಸಿಟ್ಟಿಗೆ ಕಾರಣ ಇವರ ಜೊತೆಗೇ ಇದ್ದ ಆಕೆಯ ತಾಯಿ, ಇನ್ಸ್‌ಪೆಕ್ಟರ ಅತ್ತೆ. ಅತ್ತೆಗೆ ಮಂಡಿನೋವು. ಸಂಜೆ ಕೆಳಗಿಳಿದು, ಗೇಟಿನ ಪಕ್ಕದ ಬೆಂಚಿನಲ್ಲಿ ಗೆಳತಿಯರ ಜೊತೆ ಕೂತು ಲೋಕದ ಸೊಸೆಯಂದಿರನ್ನೆಲ್ಲ ವಿಚಾರಿಸಿಕೊಳ್ಳುವುದೇ ಅವರ ಪಾಲಿನ ಸುಖ. ಅದು ನಿಂತುಹೋದ ಮೇಲೆ ಅತ್ತೆ ತಟ್ಟೆ ಸರಿಸಿ, "ನನ್ನ ಮಗನ ಮನೆ ನೆಲಮಹಡೀಲಿದೆ. ಅಲ್ಲಿಗೇ ಹೋಗ್ತೀನಿ" ಎಂದರು.

"ಅದಕ್ಕೂ ಕೆಳಗಿಳೀಬೇಕಲ್ಲ ಅತ್ತೆ," ಎಂದುಬಿಟ್ಟರು ಇನ್ಸ್‌ಪೆಕ್ಟರು. ಆಮೇಲೆ ಮನೆಯಲ್ಲಿ ಅವರೊಡನೆ ಯಾರೂ ಮಾತಾಡಲಿಲ್ಲ.

ಬೆಳಗಿನ ಪೇಪರಿಗಾಗಿ ಅತ್ತೆಯ ಜೊತೆ ಕಿತ್ತಾಡದೆ ಅವರಿಗೆ ಚಹಾ ರುಚಿಸುತ್ತಿರಲಿಲ್ಲ. ಮರುದಿನ ಇಡೀ ಪೇಪರು ತಾನಾಗಿಯೇ ಅವರ ಕೈಗೆ ಬಂತು. ಅದನ್ನು ಬಿಚ್ಚಲಿಲ್ಲ. ನಾಲ್ಕನೇ ಮಹಡಿಯ ಗೆಳೆಯನನ್ನು ಕರೆದು, ಕೈಯಿರುವ ಕುರ್ಚಿಯೊಂದನ್ನು ತಂದು ಅತ್ತೆಯ ಮುಂದಿಟ್ಟರು.

"ಇದೇನು ಅಳಿಯಂದಿರೆ? ನನ್ನನ್ನ ಹೊರೋಕ್ಕೆ ನಾಲ್ಕು ಜನ ಬೇಕು ಅಂದ್ಕೊಂಡಿದ್ದೆ. ಇಬ್ಬರಲ್ಲೇ ಮುಗಿಸ್ತೀರಾ?"

"ಕೂತ್ಕೊಳ್ಳಿ ಅತ್ತೆ."

"ತಿರುವಿನಲ್ಲಿ ಹುಷಾರು! ದಾರೀಲಿ ಸಿಕ್ಕವರಿಗೆ ನಾನಿನ್ನೂ ಬದುಕಿದ್ದೀನಿ ಅಂತ ಹೇಳ್ತಾ ಇಳೀರಪ್ಪ!"

ದಿನಾ ಸಂಜೆ ಹೀಗೇ ನಡೆಯಿತು. ಇಳಿಸಿದ್ದು ಒಂದು ಪಾಡಾದರೆ ಹತ್ತಿಸಿದ್ದು ಇನ್ನೊಂದು. ಸೊಂಟ ಹಿಡಿದುಕೊಂಡ ಒಂದು ದಿನ ಇನ್ಸ್‌ಪೆಕ್ಟರು ಸೀಲಿನ ಮುಂದೆ ನಿಂತು ಪೆನ್ನಿನ ಮುಚ್ಚಳ ತೆಗೆದದ್ದೂ ಉಂಟು.

"ಹಗ್ಗ ಸರಿಯಾಗಿದೆ ಅಂತ ನಿನಗೆ ಗೊತ್ತಲ್ಲ, ಹಾಕ್ಬಿಡೋ," ಎಂದ ಗೆಳೆಯ, ಏದುಸಿರು ಬಿಡುತ್ತ.

"ಸರಿಯಾಗಿರಲಿ ಅಂತ ಆಸೆ ಇದೆ ಕಣೋ. ಆಸೆ ಇರೋ ಕಿವಿಗೆ ಸದ್ದು ಕೇಳಿಸಲ್ಲ." ಮುಚ್ಚಳ ಹಾಕಿದರು. "ಹಿಡ್ಕೋ ಕುರ್ಚಿ."

ಕೊನೆಗೆ ಸಹೋದ್ಯೋಗಿ ಬಂದ, ನೋಡಿದ, ಸಹಿ ಹಾಕಿದ. ಕಟ್ಟಡವೆಲ್ಲ ಚಪ್ಪಾಳೆ ತಟ್ಟಿತು. ಅತ್ತೆ ಮಾತ್ರ ಒಳಗೆ ಕಾಲಿಡಲೊಲ್ಲರು.

"ನೀವು ಕಿವಿ ಇಟ್ಟಿಲ್ಲ."

"ಮನೇಲಿ ನಾನು ಇನ್ಸ್‌ಪೆಕ್ಟರಲ್ಲ ಅತ್ತೆ."

"ಇನ್ಸ್‌ಪೆಕ್ಟರನ್ನ ಯಾರು ಕರೆದ್ರು? ನಾನು ಕೇಳ್ತಿರೋದು ಅಳಿಯನ್ನ."

ಇನ್ಸ್‌ಪೆಕ್ಟರು ಕಳ್ಳನ ಹಾಗೆ ಅತ್ತಿತ್ತ ನೋಡಿ, ಬಾಗಿಲಿಗೆ ಕಿವಿಯಿಟ್ಟು, "ಬನ್ನಿ" ಎಂದರು. ಅಂದಿನಿಂದ ಅತ್ತೆಗೆ ದಿನವೂ ಅದೇ ಆಗಬೇಕು. ಮಗನ ಮನೆಯ ಮಾತು ಮತ್ತೆ ಬರಲಿಲ್ಲ.

ಹೋದ ತಿಂಗಳು ಇನ್ಸ್‌ಪೆಕ್ಟರು ನಿದ್ದೆಯಲ್ಲೇ ಹೋಗಿಬಿಟ್ಟರು. ಆ ಲಿಫ್ಟಿನಲ್ಲಿ ಸ್ಟ್ರೆಚರು ಹಿಡಿಸುವುದಿಲ್ಲ. ಮೆಟ್ಟಿಲಲ್ಲೇ ಇಳಿಸಬೇಕಾಯಿತು, ತಲೆಯ ಕಡೆ ಗೆಳೆಯನೇ ಹಿಡಿದಿದ್ದ. ಮೇಲೆ ಕಂಬಿ ಹಿಡಿದು ನಿಂತಿದ್ದ ಅತ್ತೆ, "ತಿರುವಿನಲ್ಲಿ ಹುಷಾರಪ್ಪ" ಎಂದರು.

ಮೊನ್ನೆ ಗೆಳೆಯ ಅವರನ್ನು ಬೆಂಚಿಗೆ ಕರೆದೊಯ್ಯಲು ಬಂದಾಗ ಅತ್ತೆ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದರು. ಲಿಫ್ಟು ಬಂತು, ಕಾದು ಹೋಯಿತು, ಮತ್ತೆ ಬಂತು.

"ಏನಮ್ಮಾ, ಏನು ಕೇಳಿಸ್ತಿದೆ?"

"ಏನು ಕೇಳಿಸಬೇಕು ಅಂತ ಅವರು ಹೇಳಿಕೊಡಲೇ ಇಲ್ಲವಲ್ಲಪ್ಪ," ಎಂದರು ಅತ್ತೆ, ಕಿವಿ ತೆಗೆಯದೆ.