ಕಬ್ಬಕ್ಕಿ ಇಳಿದ ಜೋಳದ ಹೊಲ

ಅಪ್ಪನ ಜೊತೆ ಹೊಲಕ್ಕೆ ಹೋಗುವುದೆಂದರೆ ನನಗೆ ತಲೆನೋವು. ಮನುಷ್ಯ ನೆಟ್ಟಗೆ ನಡೆಯುತ್ತಲೇ ಇರಲಿಲ್ಲ. ಹೆಜ್ಜೆಗೊಮ್ಮೆ ನಿಂತು ಗಿಡ, ಹುಳ, ಹಕ್ಕಿ ತೋರಿಸುವವನು. ತೊಂಬತ್ತರ ದಶಕದ ಕೊನೆಯ ಆ ಚಳಿಗಾಲದಲ್ಲಿ ನಾನು ಸವದತ್ತಿಯಲ್ಲಿ ಕಾಲೇಜು ಓದುತ್ತಿದ್ದೆ. ಸೂಟಿಗೆಂದು ನಮ್ಮೂರು ಹೂಲಿಗೆ ಬಂದವಳನ್ನು ನಸುಕಿನಲ್ಲೇ ಎಬ್ಬಿಸಿದ. ಜೋಳ ಹಾಲುಗಾಳಾಗಿತ್ತು, ಹಕ್ಕಿ ಕಾಯುವ ಹೆಣ್ಣಾಳು ಜ್ವರ ಬಂದು ಮಲಗಿದ್ದಳು.

ಬದುವಿನ ಕುಸುಬಿ ಹಳದಿ ಹೂ ಬಿಟ್ಟಿತ್ತು. ಅದರ ಮುಳ್ಳಿಗೆ ಸಿಕ್ಕಿ ನನ್ನ ಚೂಡಿದಾರ ಹರಿಯಿತು. ಅಪ್ಪ ಕಡಲೆ ಎಲೆಯ ಇಬ್ಬನಿಯನ್ನು ಬೆರಳಿಗೆ ಹಚ್ಚಿ, "ನೆಕ್ಕಿ ನೋಡು, ಹೆಂಗ ಹುಳಿ ಐತಿ" ಎಂದ. ದೂರದ ಬೀಳಿನಲ್ಲಿ ನಾಲ್ಕು ಚಿಗರಿಗಳು ತಲೆ ಎತ್ತಿ ನಮ್ಮನ್ನೇ ನೋಡುತ್ತಿದ್ದವು. "ಲಗೂನ ನಡೀಯಪ್ಪಾ, ಚಳೀಗೆ ಗದಗದ ನಡಗಾಕತ್ತೇನಿ" ಎಂದು ರೇಗಿದೆ. ಅವನು ನಕ್ಕ. "ಕಾಲೇಜಿನ್ಯಾಗ ಬರೇ ಓಡೂದ ಕಲಿಸ್ಯಾರೇನು ನಿನಗ?"

ಜೋಳದ ನಡುವೆ ಕಟ್ಟಿದ ಕಾವಲಿನ ಅಟ್ಟದ ಹತ್ತಿರ ಬಂದವನು ಎದೆ ಹಿಡಿದು ಕುಳಿತುಬಿಟ್ಟ.

"ಉಸರ ಹಿಡದಂಗ ಆಗೈತೆವಾ. ಯಾರನ್ನರ ಕರಿ."

ಆ ಚಳಿಯಲ್ಲೂ ಹಣೆಯಿಂದ ಬೆವರು ಇಳಿಯುತ್ತಿತ್ತು. ಸುತ್ತ ಆಳೆತ್ತರದ ಜೋಳ. ಅವನನ್ನು ಒಬ್ಬನನ್ನೇ ಬಿಟ್ಟು ಓಡಲು ನನಗೆ ಧೈರ್ಯ ಸಾಲಲಿಲ್ಲ.

ಅಟ್ಟ ಹತ್ತಿ ಗಂಟಲು ಹರಿಯುವಂತೆ ಕೂಗಿದೆ. ನಾಲ್ಕೂ ಕಡೆಯಿಂದ "ಹೋಓಓ" ಎಂದು ತಿರುಗಿ ಕೂಗು ಬಂತು. ಬಂದರು, ಬಂದರು ಎಂದುಕೊಂಡೆ. ಯಾರೂ ಬರಲಿಲ್ಲ. ಅಲ್ಲೇ ಇದ್ದ ಎಣ್ಣೆಡಬ್ಬಿಯನ್ನು ಕೋಲಿನಿಂದ ಬಡಿದೆ. ಆಚೆ ಹೊಲದವರೂ ತಮ್ಮ ಡಬ್ಬಿ ಬಡಿದರು. ಓಢಣಿ ಬೀಸಿದರೆ ದೂರದ ಅಟ್ಟದಿಂದ ಹೆಂಗಸೊಬ್ಬಳು ಸೆರಗು ಬೀಸಿದಳು. ಆಗ ತಿಳಿಯಿತು. ಅಯ್ಯೋ ಶಿವನೇ, ಆ ಹೊತ್ತಿನಲ್ಲಿ ನಮ್ಮ ಎರೆಹೊಲಗಳಲ್ಲಿ ಕೂಗುವವರೆಲ್ಲ ಹಕ್ಕಿ ಎಬ್ಬಿಸುವವರೇ! ಒಬ್ಬರು ಕೂಗಿದರೆ ಸುತ್ತಲಿನವರು ದನಿಗೂಡಿಸಬೇಕು, ಹಿಂಡು ಯಾರ ಹೊಲದಲ್ಲೂ ಇಳಿಯಬಾರದು. ನಾನು ಏನು ಮಾಡಿದರೂ ಅದು ಕಾವಲಿನ ಕೆಲಸವೇ ಆಗಿಬಿಡುತ್ತಿತ್ತು. "ನಮ್ಮಪ್ಪ ಸಾಯಾಕತ್ತಾನ್ರೀ" ಎಂದು ಅರಚಿದೆ. ಮಾತು ಅಷ್ಟು ದೂರ ಹೋಗಲಿಲ್ಲ, ಬರೇ ದನಿ ಹೋಯಿತು. ಮತ್ತೆ "ಹೋಓಓ" ಎಂದರು.

ಕೂಗಿ ಕೂಗಿ ದನಿಯೇ ಹೊರಡದಾಯಿತು. ಕೆಳಗಿಳಿದು ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ದೇವರನ್ನು ಬೇಡಿದೆ, ಬಾಯಿಗೆ ಬಂದಂತೆ ಬೈದೆ, ಮತ್ತೆ ಬೇಡಿದೆ. ನನ್ನ ಸದ್ದು ನಿಂತಿದ್ದೇ ತಡ, ಕಬ್ಬಕ್ಕಿಗಳು ಇಳಿದವು. ಚಳಿಗಾಲಕ್ಕಷ್ಟೇ ಬರುವ, ಕರಿ ತಲೆಯ, ಗುಲಾಬಿ ಮೈಯ ಹಕ್ಕಿಗಳು ತೆನೆತೆನೆಗೂ ಕೂತವು. ಅಪ್ಪ ಅವನ್ನೇ ನೋಡುತ್ತಿದ್ದ. ತುಟಿ ಅಲ್ಲಾಡಿತು. ಏನೆಂದನೋ ನನಗೆ ಕೇಳಲಿಲ್ಲ.

ಎಷ್ಟೋ ಹೊತ್ತಿಗೆ ಬದಿಯ ಹೊಲದ ಕಾಕಾ, ಕಲ್ಲು ಬೀಸುವ ಕವಣಿ ಹಿಡಿದು ಜೋಳ ಸರಿಸಿಕೊಂಡು ಬಂದರು. "ಏನವಾ, ಹಕ್ಕಿ ಬೆಳಿ ಮುಕ್ಕಾಕತ್ತಾವ, ಸುಮ್ನ ಕುಂತೀಯಲ್ಲ!" ಎಂದು ಬೈಯುತ್ತಲೇ ಬಂದವರು ಅಪ್ಪನನ್ನು ನೋಡಿ ಕವಣಿ ಕೈಬಿಟ್ಟರು. ಮೂಗಿನ ಹತ್ತಿರ ಬೆರಳು ಹಿಡಿದರು, ಎದೆಗೆ ಕಿವಿ ಇಟ್ಟರು. ಅಪ್ಪ ಹೋಗಿದ್ದ. ಮೈ ಇನ್ನೂ ಬೆಚ್ಚಗಿತ್ತು.

"ಆಗಿಂದ ಒದರಾಕತ್ತಿದ್ನಿರಿ ಕಾಕಾ, ಕೇಳಲಿಲ್ಲೇನ್ರಿ?" ಎಂದೆ.

ಅವರು ಅಪ್ಪನ ಕಣ್ಣು ಮುಚ್ಚಿ, ಮಣ್ಣಿನಲ್ಲೇ ಕುಸಿದು ಕೂತರು. "ಕೇಳಿಸ್ತವಾ ಮಗಳ, ಎಲ್ಲಾ ಕೇಳಿಸ್ತು. ಕಾಲೇಜ ಹುಡುಗಿ ಎಷ್ಟ ಛಲೋ ಹಕ್ಕಿ ಕಾಯಾಕತ್ತಾಳಂತ ಹಿಗ್ಗಿ, ನಾನೂ ನಿನ್ನ ಜೋಡಿ ಒದರಿದ್ನಿ."